ಅನ್ನದ ಋಣಕ್ಕೂ ಲೆಕ್ಕ ಇದೆ

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಕುಂದಾಪುರ ಕಡೆಯವನು. ದುಬೈಯ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ 11 ವರ್ಷದಿಂದ ಇದ್ದೇನೆ. ಸ್ಟೋರ್ ಹೆಲ್ಪರ್ ಆಗಿ ಸೇರಿದವನು, ಈಗ ಇಡೀ ಸ್ಟೋರ್ ನನ್ನ ಕೈಯಲ್ಲಿದೆ. ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಅಮ್ಮ ಊರಲ್ಲಿ. 2020ರಲ್ಲಿ ಕೊರೊನಾ ಬಂದಾಗ ಕಂಪನಿ ಎಷ್ಟೋ ಜನರನ್ನು ಮನೆಗೆ ಕಳಿಸಿತು. ನನ್ನನ್ನು ಉಳಿಸಿಕೊಂಡರು. ಆರು ತಿಂಗಳು ಅರ್ಧ ಸಂಬಳ ಕೊಟ್ಟರು, ಆದರೆ ಒಂದು ತಿಂಗಳೂ ತಪ್ಪಿಸಲಿಲ್ಲ. ಈಗ ಅವರಿಗೆ ಸೌದಿಯಲ್ಲಿ ಹೊಸ ಪ್ರಾಜೆಕ್ಟ್ ಸಿಕ್ಕಿದೆ. ರಿಯಾದ್‌ಗೆ ಎರಡು ವರ್ಷ ನೀನೇ ಹೋಗಬೇಕು, ನಂಬುವ ಜನ ಬೇರೆ ಯಾರೂ ಇಲ್ಲ ಅನ್ನುತ್ತಾರೆ. ಹೆಂಡತಿ ಮಾತ್ರ ‘ಸಾಕು, ವೀಸಾ ಕ್ಯಾನ್ಸಲ್ ಮಾಡಿ ಬನ್ನಿ’ ಅನ್ನುತ್ತಾಳೆ. ಕಷ್ಟದಲ್ಲಿ ಕೈ ಹಿಡಿದವರನ್ನು ಈಗ ಬಿಟ್ಟು ಬಂದರೆ ಉಂಡ ಮನೆಗೆ ಎರಡು ಬಗೆದ ಹಾಗೆ ಆಗುವುದಿಲ್ಲವೇ? ನನ್ನ ಬೇಸಿಕ್ ಸಂಬಳ 4,000 ದಿರ್ಹಮ್.

ಉತ್ತರ: ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಕಂಪನಿ ಬಗ್ಗೆ ಎಷ್ಟೆಲ್ಲಾ ಬರೆದಿದ್ದೀರಿ. ಮಗಳ ಬಗ್ಗೆ ಇರುವುದು ಎಂಟನೇ ಕ್ಲಾಸು ಅನ್ನುವುದೊಂದೇ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ದೂರ ಇದ್ದವರಿಗೆ ಹಾಗೇ ಆಗುತ್ತದೆ, ದಿನಾ ಕಣ್ಣಿಗೆ ಬೀಳುವುದೇ ದೊಡ್ಡದಾಗಿ ಕಾಣುತ್ತದೆ, ಮನೆ ಅನ್ನುವುದು ರಾತ್ರಿ ಬೊಟಿಮ್ ಕಾಲ್‌ನಲ್ಲಿ ಹತ್ತು ನಿಮಿಷ ಬಂದು ಹೋಗುತ್ತದೆ. ನೀವು ಕೆಲಸ ಮುಗಿಸಿ, ಸ್ನಾನ ಮಾಡಿ ಫೋನ್ ಹಿಡಿಯುವಾಗ ಅಲ್ಲಿ ಎಂಟೂವರೆ ಆಗಿದ್ದರೆ ಊರಲ್ಲಿ ಹತ್ತು ಗಂಟೆ. ಮಗಳು ಅರ್ಧ ನಿದ್ದೆಯಲ್ಲಿ ‘ಹ್ಞೂಂ ಅಪ್ಪ’ ಅನ್ನುತ್ತಾಳೆ, ಅಲ್ವಾ?

ನನ್ನ ಅಪ್ಪ ಮುಂಬೈಯ ಒಂದು ಹೋಟೆಲಿನಲ್ಲಿ 28 ವರ್ಷ ಗಲ್ಲಾದಲ್ಲಿ ಕೂತವರು. ಮಾಲೀಕರು ಒಳ್ಳೆಯವರೇ. ನನ್ನ ಮದುವೆಗೆ ಬೆಳ್ಳಿ ದೀಪ ಕಳಿಸಿದ್ದರು. ಅಪ್ಪ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಬರುತ್ತಿದ್ದರು, ಹದಿನೈದು ದಿನ ಇದ್ದು ಹೋಗುತ್ತಿದ್ದರು. ‘ನಾನಿಲ್ಲದಿದ್ದರೆ ಅವರಿಗೆ ಕಷ್ಟ’ ಅನ್ನುವುದು ಅವರ ಬಾಯಿಮಾತಾಗಿತ್ತು. ಕೊನೆಗೆ ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದರು. ಬಂದ ಮರುದಿನ ಬೆಳಗ್ಗೆ ನಾಲ್ಕಕ್ಕೇ ಎದ್ದು ಅಡುಗೆಮನೆಯಲ್ಲಿ ನಿಂತಿದ್ದರು. ಹೋಟೆಲಿನ ಅಭ್ಯಾಸ. ನಾನು ಎದ್ದು ಹೋದರೆ ನನ್ನನ್ನು ನೋಡಿ ಮೆಲ್ಲಗೆ ಕೇಳಿದರು, ‘ಮಗಾ, ಲೋಟ ಎಲ್ಲಿಡ್ತೀರಿ?’ ತಾವೇ ದುಡ್ಡು ಕಳಿಸಿ ಕಟ್ಟಿಸಿದ ಮನೆ ಅದು. ಹೋಟೆಲಿನಲ್ಲಿ ಅವರ ಜಾಗಕ್ಕೆ ಒಂದೇ ವಾರದಲ್ಲಿ ಬೇರೆ ಹುಡುಗ ಬಂದು ಕೂತಿದ್ದ. ಅದರಲ್ಲಿ ಮಾಲೀಕರ ತಪ್ಪೇನೂ ಇಲ್ಲ, ಗಲ್ಲಾ ಖಾಲಿ ಬಿಡಲು ಆಗುವುದಿಲ್ಲ. ಆದರೆ ಅಮ್ಮನ ಪಕ್ಕದ ಜಾಗ 28 ವರ್ಷ ಖಾಲಿ ಇತ್ತು.

ಈಗ ನಿಮ್ಮ ಋಣದ ಮಾತಿಗೆ ಬರುತ್ತೇನೆ. ಆ ಭಾವನೆ ಸುಳ್ಳಲ್ಲ, ಅದನ್ನು ಕಡೆಗಣಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಸ್ವಲ್ಪ ಬಿಚ್ಚಿ ನೋಡಿ. 2020ರಲ್ಲಿ ಅವರು ನಿಮ್ಮನ್ನು ಉಳಿಸಿಕೊಂಡರು, ನಿಜ. ನೀವೂ ಆರು ತಿಂಗಳು ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಮಾಡಿ ಅವರ ಸ್ಟೋರ್ ಉಳಿಸಿದಿರಿ. ಆ ಇನ್ನರ್ಧ ಆಮೇಲೆ ಕೊಟ್ಟರೇ? ನೀವು ಬರೆದಿಲ್ಲ. ಕೊಡದಿದ್ದರೆ ಆ ಕೊರೊನಾ ಕಾಲದ ಬಾಕಿ ಯಾರಿಗೆ ಯಾರದ್ದು ಅಂತ ನೀವೇ ಹೇಳಿ. ಸಂಬಳಕ್ಕೆ ಕೆಲಸ ಮಾಡಿದವನ ಋಣ ಆಯಾ ತಿಂಗಳೇ ತೀರುತ್ತದೆ. ಉಳಿಯುವುದು ಪ್ರೀತಿ, ವಿಶ್ವಾಸ. ಅದನ್ನು ಕೆಲಸ ಬಿಟ್ಟ ಮೇಲೂ ಇಟ್ಟುಕೊಳ್ಳಬಹುದು.

ಇನ್ನೊಂದು ಲೆಕ್ಕ ಹೇಳುತ್ತೇನೆ, ಅದು ದುಡ್ಡಿನದು. ಅಲ್ಲಿ ಫೆಬ್ರವರಿ 2022ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಬರುತ್ತದೆ, ಮೊದಲ ಐದು ವರ್ಷದಲ್ಲಿ ಒಂದೊಂದು ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಒಂದೊಂದು ವರ್ಷಕ್ಕೆ 30 ದಿನದ ಬೇಸಿಕ್. ನಿಮ್ಮದು 105 ದಿನ ಮತ್ತು 180 ದಿನ, ಒಟ್ಟು 285 ದಿನ. 4,000 ಬೇಸಿಕ್‌ಗೆ 38,000 ದಿರ್ಹಮ್. ನಮ್ಮ ರೂಪಾಯಿಯಲ್ಲಿ ಎಂಟು ಲಕ್ಷ ದಾಟುತ್ತದೆ. ನೀವಾಗಿ ರಾಜೀನಾಮೆ ಕೊಟ್ಟರೂ ಇದು ನಿಮ್ಮದೇ. ಯಾರೋ ಖುಷಿಯಿಂದ ಕೊಡುವ ಇನಾಮು ಅಲ್ಲ ಇದು, ನಿಮ್ಮ ದುಡಿಮೆಯ ಹಣ. ಕೆಲಸ ಮುಗಿದ 14 ದಿನದೊಳಗೆ ಬಾಕಿ ಎಲ್ಲಾ ಚುಕ್ತಾ ಮಾಡಬೇಕು ಅನ್ನುವುದೂ ಅದೇ ಕಾನೂನಿನಲ್ಲಿದೆ. ಹಣಕಾಸು ವಲಯದ ಕೆಲವು ಫ್ರೀ ಝೋನ್‌ಗಳಿಗೆ ಬೇರೆ ನಿಯಮ ಇದೆ, ಆದರೆ ಕಾಂಟ್ರಾಕ್ಟಿಂಗ್ ಕಂಪನಿ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ.

ಅದೇ ಕಾನೂನಿನ ಇನ್ನೊಂದು ಸಾಲು ಓದಿದಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ತಂದೆ ತಾಯಿ ತೀರಿಕೊಂಡರೆ ಸಂಬಳ ಸಹಿತ ಮೂರು ದಿನ ರಜೆ. ಮೂರೇ ದಿನ. ವಿಮಾನ ಹಿಡಿದು ಮಂಗಳೂರಿಗೆ ಇಳಿದು ಕುಂದಾಪುರ ಮುಟ್ಟುವುದರಲ್ಲಿ ಒಂದು ದಿನ ಹೋಗುತ್ತದೆ. ಉತ್ತರಕ್ರಿಯೆವರೆಗೆ ಕೂರಬೇಕಾದರೆ ನಿಮ್ಮ ವಾರ್ಷಿಕ ರಜೆಯನ್ನೇ ಮುರಿಯಬೇಕು. ನಿಮ್ಮ ಅಮ್ಮ ಈಗ ಇದ್ದಾರೆ. ಫೋನಿನಲ್ಲಿ ‘ಯಾವಾಗ ಬಪ್ಪುದು ಮಗಾ’ ಅಂತ ಅವರು ಕೇಳುವುದು ನನ್ನ ಕಿವಿಗೆ ಇಲ್ಲಿಂದಲೇ ಕೇಳುತ್ತದೆ.

ನನ್ನ ಮನಸ್ಸಿನ ಮಾತು ಇಷ್ಟು, ರಿಯಾದ್‌ಗೆ ಹೋಗಬೇಡಿ. ಎರಡು ವರ್ಷ ಅಂದರೆ ಮಗಳ ಒಂಬತ್ತು, ಹತ್ತನೇ ಕ್ಲಾಸು ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ, ಆಮೇಲೆ ಹಾಸ್ಟೆಲ್. ನೀವು ಬರುವ ಹೊತ್ತಿಗೆ ಅವಳು ಹೊರಟಿರುತ್ತಾಳೆ. ಜೊತೆಗೆ ಸೌದಿ ಅಂದರೆ ಬೇರೆ ದೇಶ, ಬೇರೆ ವೀಸಾ. ನಿಮ್ಮ ಒಪ್ಪಿಗೆ ಇಲ್ಲದೆ ಆಗುವ ಕೆಲಸವಲ್ಲ. ‘ನಾಳೆ ಸಹಿ ಹಾಕು’ ಅಂದರೆ ಹಾಕಬೇಡಿ.

ಹಾಗಂತ ಒಂದು ಬೆಳಗ್ಗೆ ಸೂಟ್‌ಕೇಸ್ ಹಿಡಿದು ಹೊರಡುವುದೂ ಬೇಡ. ಮೊದಲು ಹೆಂಡತಿಯ ಜೊತೆ ಕೂತು, ಅಂದರೆ ಫೋನಿನಲ್ಲೇ ಆದರೂ ಒಂದು ರಜೆ ದಿನ ಪೂರ್ತಿ, ಮನೆಯ ತಿಂಗಳ ಖರ್ಚು ಎಷ್ಟು ಅಂತ ರೂಪಾಯಿ ರೂಪಾಯಿ ಬರೆಯಿರಿ. ಅಲ್ಲಿ ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ತೀರಿಸಿಯೇ ಬನ್ನಿ. ಸಾಲ ಬಿಟ್ಟು ಬಂದವರು ವರ್ಷಗಳ ನಂತರವೂ ತೊಂದರೆ ಪಟ್ಟಿದ್ದು ನಮ್ಮೂರಲ್ಲೇ ಇದೆ. ನಿಮ್ಮ ಒಪ್ಪಂದದಲ್ಲಿ ನೋಟಿಸ್ ಎಷ್ಟು ಅಂತ ನೋಡಿ, 30ರಿಂದ 90 ದಿನದೊಳಗೆ ಇರುತ್ತದೆ. ಆ ದಿನಗಳಲ್ಲಿ ಸ್ಟೋರಿನ ಸ್ಟಾಕ್ ಪೂರ್ತಿ ಎಣಿಸಿ, ಪುಸ್ತಕ ಸರಿ ಮಾಡಿ, ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ವಾಲ್ವ್ ಯಾವ ರ‍್ಯಾಕಿನಲ್ಲಿದೆ ಅಂತ ತೋರಿಸಿ ಕೊಡಿ. ಆ ಕಷ್ಟಕಾಲದ ಉಪಕಾರಕ್ಕೆ ಇದಕ್ಕಿಂತ ಮರ್ಯಾದೆಯ ಉತ್ತರ ಇಲ್ಲ. ಮ್ಯಾನೇಜರ್ ಹತ್ತಿರ ಕೂತು ಬಾಯಿ ಬಿಟ್ಟು ಹೇಳಿ, ‘ಸರ್, ನೀವು ಮಾಡಿದ್ದು ಮರೆಯುವುದಿಲ್ಲ, ಮಗಳು ದೊಡ್ಡವಳಾಗುತ್ತಿದ್ದಾಳೆ’. ಒಳ್ಳೆಯವರಾದರೆ ಅರ್ಥ ಮಾಡಿಕೊಳ್ಳುತ್ತಾರೆ.

ಗ್ರಾಚ್ಯುಟಿ ಹಣ ಕೈಗೆ ಬಂದ ಕೂಡಲೇ ಹೋಟೆಲ್ ಹಾಕೋಣ, ಮನೆ ಮೇಲೆ ಮನೆ ಕಟ್ಟೋಣ ಅನ್ನುವವರು ಬಂದೇ ಬರುತ್ತಾರೆ. ಆರು ತಿಂಗಳು ಅದನ್ನು ಮುಟ್ಟಬೇಡಿ. ಸ್ಟೋರ್ ಕೆಲಸ ಗೊತ್ತಿರುವವರಿಗೆ ಮಂಗಳೂರು, ಉಡುಪಿ ಕಡೆ ಸಂಬಳ ಕಡಿಮೆ ಸಿಗುತ್ತದೆ, ಅದು ನಿಜ, ಮುಚ್ಚಿಡುವುದಿಲ್ಲ. ಆ ಕಡಿಮೆಯಲ್ಲಿ ಮನೆ ನಡೆಸಬಹುದೇ ಅನ್ನುವುದನ್ನು ನಿಮ್ಮ ಹೆಂಡತಿಗೇ ಕೇಳಿ. 11 ವರ್ಷ ಮನೆ ನಡೆಸಿದವರು ಅವರು.

ಪ್ರಶ್ನೆ: ನಾನು ಮಂಗಳೂರಿನವಳು, ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ರಜೆ ದಿನವೂ ವಾರ್ಡಿನಿಂದ ‘ಸ್ಟಾಫ್ ಕಡಿಮೆ, ಬರ್ತೀಯಾ’ ಅಂತ ಮೆಸೇಜ್. ವೀಸಾ ಅವರದ್ದೇ ಸ್ಪಾನ್ಸರ್, ಇಲ್ಲ ಅನ್ನಲು ಹೆದರಿಕೆ. ನಾಲ್ಕು ವರ್ಷದ ಮಗ ಈಗೀಗ ನನ್ನ ಹತ್ತಿರ ಊಟ ಮಾಡುವುದಿಲ್ಲ, ಅಪ್ಪನೇ ತಿನ್ನಿಸಬೇಕು.

ಉತ್ತರ: ತಂಗಿ, ನಿನ್ನ ವೀಸಾ ನಿಂತಿರುವುದು ಒಪ್ಪಂದದಲ್ಲಿರುವ ಗಂಟೆಗಳ ಮೇಲೆ. ಅಲ್ಲಿ ಫುಲ್ ಟೈಮ್ ಅಂದರೆ ವಾರಕ್ಕೆ 37.5 ಗಂಟೆ. ಅದರ ಮೇಲಿನ ಶಿಫ್ಟ್ ನಿನ್ನ ಇಷ್ಟ. ಸರಾಸರಿ ವಾರಕ್ಕೆ 48 ಗಂಟೆ ಮೀರಿ ದುಡಿಯುವುದಕ್ಕೆ ಒಪ್ಪಿಗೆ ಅಂತ ಸೇರುವಾಗ ಸಹಿ ಹಾಕಿದ್ದೀಯಾ ನೋಡು. ಹಾಕಿದ್ದರೂ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು ಹಿಂದಕ್ಕೆ ತೆಗೆದುಕೊಳ್ಳಬಹುದು. ಕಡಿಮೆ ಅಂದರೆ ಏಳು ದಿನದ ನೋಟಿಸ್, ಜಾಸ್ತಿ ಅಂದರೆ ಮೂರು ತಿಂಗಳು. ಹಾಗೆ ಮಾಡಿದ್ದಕ್ಕೆ ನಿನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳುವಂತಿಲ್ಲ.

ರೋಗಿಗಳನ್ನು ನೆನೆದು ಮನಸ್ಸು ಕರಗುತ್ತದೆ, ಗೊತ್ತು. ಆದರೆ ಜನ ಕಡಿಮೆ ಇದ್ದರೆ ತುಂಬಿಸಬೇಕಾದ್ದು ಆಸ್ಪತ್ರೆ, ನಿನ್ನ ಒಂದು ರಜೆಯಲ್ಲ. ತಿಂಗಳಿಗೆ ಒಂದು ಎಕ್ಸ್‌ಟ್ರಾ ಶಿಫ್ಟ್ ಅಂತ ನೀನೇ ಗೆರೆ ಹಾಕು. ಉಳಿದ ಮೆಸೇಜಿಗೆಲ್ಲಾ ‘ಇವತ್ತು ಆಗುವುದಿಲ್ಲ’ ಅಂತ ಒಂದೇ ಸಾಲು, ಕಾರಣ ಬೇಡ. ಆಮೇಲೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಗನ ತಟ್ಟೆಯ ಮುಂದೆ ಕೂತುಕೋ. ಮೊದಲ ಎರಡು ಮೂರು ಸಲ ಮುಖ ತಿರುಗಿಸುತ್ತಾನೆ. ತುತ್ತು ಕೈಯಲ್ಲೇ ಇರಲಿ, ಗಂಡನನ್ನು ಮಾತ್ರ ಕರೆಯಬೇಡ.