ಏಳು ಮಿನುಗು ಬರಬೇಕು: ಹಳೆಯ ಪಿನ್‌ಬಾಲ್ ಬೋರ್ಡಿನ ದೋಷ ಪತ್ತೆ

ಪ್ರಶ್ನೆ: ಷಿಕಾಗೋದ ಹೊರವಲಯದಲ್ಲಿರುವ ನಾನು, 1980ರ ಸುಮಾರಿನ ಬ್ಯಾಲಿ ಕಂಪನಿಯ ಪಿನ್‌ಬಾಲ್ ಯಂತ್ರವೊಂದನ್ನು ಕೊಂಡಿದ್ದೇನೆ. ಸ್ವಿಚ್ ಹಾಕಿದರೆ ಆಟದ ಹಲಗೆಯ ಕೆಲವು ದೀಪಗಳು ಉರಿಯುತ್ತವೆಯಾದರೂ ಅಂಕಗಳ ಡಿಸ್‌ಪ್ಲೇ ಕತ್ತಲಾಗಿಯೇ ಇರುತ್ತದೆ, ಆಟ ಶುರುವಾಗುವುದಿಲ್ಲ. ಹಿಂಬದಿಯ ಪೆಟ್ಟಿಗೆಯಲ್ಲಿರುವ ಮುಖ್ಯ ಬೋರ್ಡಿನ ಮೇಲೆ ಪುಟ್ಟ ಕೆಂಪು ದೀಪವೊಂದು ಆರದೆ ಉರಿಯುತ್ತಿದೆ. ಪ್ರೊಸೆಸರ್ ಮತ್ತು ರಾಮ್ ಚಿಪ್‌ಗಳನ್ನು ಬದಲಾಯಿಸಿಬಿಡಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?
– ಓದುಗರು, ನೇಪರ್‌ವಿಲ್, ಇಲಿನಾಯ್

ಉತ್ತರ: ಚಿಪ್ ಕೊಳ್ಳುವ ಮಾತು ಸದ್ಯಕ್ಕೆ ಬೇಡ. ಆ ಕೆಂಪು ದೀಪ ಅಲಂಕಾರಕ್ಕೆ ಇಟ್ಟದ್ದಲ್ಲ. ಬೋರ್ಡು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಫಲಿತಾಂಶ ತಿಳಿಸುವುದು ಅದರ ಮೂಲಕವೇ. 1977ರಿಂದ 1980ರ ದಶಕದ ಮಧ್ಯದವರೆಗೆ ಬ್ಯಾಲಿ ಯಂತ್ರಗಳಲ್ಲಿ ಬಳಕೆಯಾದ ಎಎಸ್2518-17 ಮತ್ತು ಎಎಸ್2518-35 ಬೋರ್ಡುಗಳಲ್ಲಿ, ಸ್ವಿಚ್ ಹಾಕಿದೊಡನೆ ಎಲ್‌ಇಡಿ ಒಮ್ಮೆ ಕ್ಷಣಕಾಲ ಮಿಂಚಿ, ಅನಂತರ ಬಿಡಿಬಿಡಿಯಾಗಿ ಏಳು ಸಲ ಮಿನುಗಬೇಕು, ಒಂದೊಂದು ಭಾಗ ಪರೀಕ್ಷೆಯಲ್ಲಿ ಪಾಸಾದಂತೆ ಒಂದೊಂದು ಮಿನುಗು. ಮೊದಲ ಮಿನುಗು ರಾಮ್‌ನದಲ್ಲ, ಪ್ರೋಗ್ರಾಮ್ ಇರುವ ರೋಮ್ ಚಿಪ್‌ಗಳದು. ಎರಡನೆಯದು ಯು7 ಸ್ಥಾನದ 6810 ರಾಮ್‌ನದು, ಮೂರನೆಯದು ಯು8ರಲ್ಲಿರುವ 5101 ರಾಮ್‌ನದು, ನಾಲ್ಕು ಮತ್ತು ಐದನೆಯವು ಪ್ರೊಸೆಸರನ್ನು ಯಂತ್ರದ ಇತರ ಭಾಗಗಳಿಗೆ ಜೋಡಿಸುವ ಯು10, ಯು11 ಎಂಬ ಎರಡು ಪಿಐಎ ಚಿಪ್‌ಗಳವು, ಆರನೆಯದು ಡಿಸ್‌ಪ್ಲೇಗೆ ತಾಳ ಹಾಕುವ 555 ಟೈಮರ್‌ನದು, ಏಳನೆಯದು ಚೆಂಡನ್ನು ಹೊಡೆಯುವ ಕಾಯಿಲ್‌ಗಳಿಗೆ (ಸೋಲೆನಾಯ್ಡ್‌ಗಳಿಗೆ) ಹೋಗುವ 43 ವೋಲ್ಟ್ ಇದೆಯೇ ಎಂಬುದರದು. ದೀಪ ಎರಡು ಸಲ ಮಿನುಗಿ ನಿಂತರೆ ದೋಷವನ್ನು ಎರಡನೆಯದರಲ್ಲಿ ಹುಡುಕಬಾರದು, ಬಾರದೇ ಹೋದ ಮೂರನೆಯದರಲ್ಲಿ ಹುಡುಕಬೇಕು. ಅನೇಕರು ಎಡವುವುದು ಇಲ್ಲಿಯೇ.

ನಿಮ್ಮ ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತಿದೆ ಎಂದರೆ ಪರೀಕ್ಷೆ ಆರಂಭವೇ ಆಗಿಲ್ಲ, ಅಂದರೆ ಪ್ರೊಸೆಸರ್ ಕೆಲಸಕ್ಕೆ ಇಳಿದೇ ಇಲ್ಲ. ಅದಕ್ಕೆ ಪ್ರೊಸೆಸರ್ ಕೆಟ್ಟಿರಬೇಕೆಂದೇನೂ ಇಲ್ಲ. ನಾನು ಕಂಡಂತೆ ಈ ಬೋರ್ಡಿನ ಪ್ರೊಸೆಸರಾದ ಮೋಟೊರೋಲಾ 6800 ತಾನಾಗಿ ಸಾಯುವುದು ಅಪರೂಪ. ಮೊದಲು ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೆ ಸೇರಿಸಿ, ಕೆಂಪು ತಂತಿಯನ್ನು ಟಿಪಿ5 ಎಂದು ಬರೆದಿರುವ ಜಾಗಕ್ಕೆ ಮುಟ್ಟಿಸಿ, 5 ವೋಲ್ಟ್ ಸರಿಯಾಗಿ ಬರುತ್ತಿದೆಯೇ ನೋಡಿ. ಈ ಐದು ವೋಲ್ಟ್ ಹುಟ್ಟುವುದು ಪಕ್ಕದ ಸೋಲೆನಾಯ್ಡ್ ಡ್ರೈವರ್ ಬೋರ್ಡಿನಲ್ಲಿ. ಅಲ್ಲಿರುವ 11,700 ಮೈಕ್ರೋಫ್ಯಾರಡ್‌ನ ದೊಡ್ಡ ಕೆಪಾಸಿಟರ್ ನಾಲ್ಕು ದಶಕ ಹಳೆಯದಾಗಿದ್ದರೆ ಅದನ್ನು ಬದಲಾಯಿಸುವುದು ದುಂದಲ್ಲ. ಒಂದು ಎಚ್ಚರಿಕೆ: ಅದೇ ಬೋರ್ಡಿನಲ್ಲಿ ಡಿಸ್‌ಪ್ಲೇಗಾಗಿ ಸುಮಾರು 190 ವೋಲ್ಟ್ ಕೂಡ ತಯಾರಾಗುತ್ತದೆ, ಆದ್ದರಿಂದ ಅಲ್ಲಿ ಬೆರಳು ಆಡಿಸಬೇಡಿ, ಕರೆಂಟ್ ಇರುವಾಗ ಯಾವ ಕನೆಕ್ಟರನ್ನೂ ಕೀಳಬೇಡಿ, ಸಿಕ್ಕಿಸಬೇಡಿ.

ಐದು ವೋಲ್ಟ್ ಸರಿಯಿದ್ದರೆ ಪ್ರೊಸೆಸರಿನ 40ನೆಯ ಪಿನ್ನನ್ನು ನೋಡಿ. ಸ್ವಿಚ್ ಹಾಕಿದ ಕ್ಷಣ ಅದು ಸೊನ್ನೆಯ ಬಳಿ ಇದ್ದು ಕೂಡಲೇ ಮೇಲೇರಬೇಕು. ಅದು ಸೊನ್ನೆಯಲ್ಲೇ ಉಳಿದರೆ ಪ್ರೊಸೆಸರನ್ನು ಚಾಲೂ ಮಾಡುವ ರೀಸೆಟ್ ಸರ್ಕ್ಯೂಟ್ ಕೆಟ್ಟಿದೆ ಎಂದರ್ಥ, ಮತ್ತು ನನ್ನ ಅನುಮಾನವೆಲ್ಲ ಇರುವುದು ಅದರ ಮೇಲೆಯೇ. ಏಕೆಂದರೆ ಅದೇ ಮೂಲೆಯಲ್ಲಿ, ಅಂಕಗಳ ನೆನಪು ಉಳಿಸಲು ಕಾರ್ಖಾನೆಯವರು 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿದ್ದರು. ವಯಸ್ಸಾದ ಬ್ಯಾಟರಿ ಸೋರಿ, ಅದರ ಕ್ಷಾರ ಸುತ್ತಲಿನ ರೆಸಿಸ್ಟರುಗಳ ಕಾಲು, ಟ್ರಾನ್ಸಿಸ್ಟರು, ಕನೆಕ್ಟರಿನ ಪಿನ್ನುಗಳನ್ನೆಲ್ಲ ತಿಂದಿರುತ್ತದೆ. ಹಸಿರು ಕಿಲುಬು ಕಣ್ಣಿಗೆ ಬೀಳುತ್ತದೆ. ಆದರೆ ಹಸಿರು ಮೇಲ್ಪದರದ ಅಡಿಯಲ್ಲಿ ತಾಮ್ರದ ಗೆರೆ ಕಪ್ಪಾಗಿ, ಕೂದಲಷ್ಟು ಸಣ್ಣ ಬಿರುಕು ಬಿಟ್ಟಿರುವುದು ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ.

ಬೋರ್ಡನ್ನು ಹೊರತೆಗೆದು ಬ್ಯಾಟರಿಯನ್ನು ಕತ್ತರಿಸಿ ಹಾಕಿ. ಕ್ಷಾರ ಮುಟ್ಟಿದ ಬಿಡಿಭಾಗಗಳನ್ನು ತೆಗೆದು, ನೀರು ಬೆರೆಸಿದ ಬಿಳಿ ವಿನೆಗರಿನಿಂದ ಆ ಜಾಗವನ್ನು ತಿಕ್ಕಿ, ಶುದ್ಧ ನೀರಿನಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಸವರಿ ಪೂರ್ತಿ ಒಣಗಿಸಿ. ಕಪ್ಪಾದ ತಾಮ್ರವನ್ನು ನಯವಾದ ಸ್ಯಾಂಡ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಬೇಕು, ಇಲ್ಲವಾದರೆ ಬೆಸುಗೆ ಹಿಡಿಯುವುದಿಲ್ಲ. ಅನಂತರ ಪ್ರತಿ ಗೆರೆಯ ಎರಡು ತುದಿಗಳ ನಡುವೆ ಮೀಟರಿನ ಬೀಪ್ ಶಬ್ದ ಬರುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಹಾಕಿದ ಹೊಸ ಚಿಪ್‌ಗಳೆಲ್ಲ ದಂಡ. ಬ್ಯಾಟರಿಯ ಬದಲಿಗೆ ಮೂರು ಎಎ ಸೆಲ್‌ಗಳನ್ನು ಬೋರ್ಡಿನಿಂದ ದೂರದಲ್ಲಿ ಇಡುವುದಾದರೆ ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದನ್ನು ಹಾಕಲೇಬೇಕು. ಇಲ್ಲವಾದರೆ ಬೋರ್ಡು ಹಳೆಯ ಬ್ಯಾಟರಿ ಎಂದೇ ತಿಳಿದು ಆ ಸೆಲ್‌ಗಳನ್ನು ಚಾರ್ಜ್ ಮಾಡಲು ಹೋಗುತ್ತದೆ.

ಚಿಪ್‌ಗಳ ಸಾಕೆಟ್ ಕುರಿತೂ ಒಂದು ಮಾತು. ಆ ಕಾಲದ ಸಾಕೆಟ್‌ಗಳ ಹಿಡಿತ ಈಗ ಸಡಿಲ. ಚಿಪ್ ಒತ್ತಿದೊಡನೆ ಬೋರ್ಡು ಜೀವ ತಾಳಿ, ಮರುದಿನ ಮತ್ತೆ ಸುಮ್ಮನಾದರೆ, ಒತ್ತಿದ ಚಿಪ್ಪನ್ನು ಬದಲಾಯಿಸದೆ ಅದರ ಸಾಕೆಟ್ ಬದಲಾಯಿಸಿ.

ಪ್ರಶ್ನೆ: ಇದೇ ಬಗೆಯ ಬೋರ್ಡನ್ನು ರಿಪೇರಿ ಮಾಡಿ, ಕಂಪ್ಯೂಟರಿನ ಹಳೆಯ ಪವರ್ ಸಪ್ಲೈಯಿಂದ 5 ಮತ್ತು 12 ವೋಲ್ಟ್ ಕೊಟ್ಟು ಮೇಜಿನ ಮೇಲೆಯೇ ಪರೀಕ್ಷಿಸಿದೆ. ಎಲ್‌ಇಡಿ ಆರು ಸಲ ಮಾತ್ರ ಮಿನುಗುತ್ತದೆ. ಇನ್ನೂ ಏನು ಉಳಿದಿದೆ?
– ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಏನೂ ಉಳಿದಿಲ್ಲ ಎಂದೇ ಸದ್ಯಕ್ಕೆ ತಿಳಿಯಿರಿ. ಏಳನೆಯ ಮಿನುಗಿಗೆ ಬೇಕಾದ 43 ವೋಲ್ಟ್ ನಿಮ್ಮ ಮೇಜಿನ ಮೇಲೆ ಇಲ್ಲ, ಆದ್ದರಿಂದ ಅಲ್ಲಿ ಆರು ಬರುವುದೇ ಸರಿ. ಯಂತ್ರದೊಳಗೆ ಕೂರಿಸಿದ ಮೇಲೂ ಆರಕ್ಕೇ ನಿಂತರೆ ಬೋರ್ಡಿಗೆ ಕೈ ಹಾಕುವ ಮೊದಲು ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಬೋರ್ಡಿನಲ್ಲಿ ಆ 43 ವೋಲ್ಟ್ ಸಾಲಿನ ಫ್ಯೂಸನ್ನು ಹೊರತೆಗೆದು ಮೀಟರಿನಿಂದ ಅಳೆಯಿರಿ. ಕಣ್ಣಿಗೆ ಚೆನ್ನಾಗಿ ಕಾಣುವ ಫ್ಯೂಸ್ ಕೂಡ ಒಳಗೆ ಕಡಿದಿರಬಹುದು. ಫ್ಯೂಸ್ ಸರಿಯಿದ್ದರೆ ಅಲ್ಲಿನ ಕನೆಕ್ಟರಿನ ಪಿನ್ನುಗಳು ಸುಟ್ಟು ಕಂದಾಗಿವೆಯೇ, ಬೆಸುಗೆಯ ಸುತ್ತ ಉಂಗುರದಂಥ ಬಿರುಕು ಬಿದ್ದಿದೆಯೇ ಎಂದು ಪರಿಶೀಲಿಸಿ. ಬಿರುಕಿದ್ದರೆ ಹಳೆಯ ಬೆಸುಗೆಯನ್ನು ಪೂರ್ತಿ ತೆಗೆದು ಹೊಸದಾಗಿ ಬೆಸೆಯಿರಿ. ಪಿನ್ನು ಸುಟ್ಟಿದ್ದರೆ ಅದನ್ನೂ ಎದುರಿನ ಕನೆಕ್ಟರನ್ನೂ ಜೊತೆಯಾಗಿಯೇ ಬದಲಾಯಿಸಬೇಕು.