ನಿಮ್ಮ ‘ಬೆಳಕನ್ನು ತಿರುಗಿಸುವ ಲೋಹ’ ಲೇಖನದ ಬಗ್ಗೆ

ನಮಸ್ಕಾರ.

ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಮಾತ್ರ ಕೈಬಿಡಬೇಡಿ. ಲೋಹದ ನ್ಯಾನೊ ರಚನೆಗಳು ಬೆಳಕಿನ ಧ್ರುವೀಕರಣವನ್ನು, ಅಂದರೆ ಅದು ಯಾವ ದಿಕ್ಕಿಗೆ ಕಂಪಿಸುತ್ತದೆ ಅನ್ನುವುದನ್ನು, ಹೇಗೆ ಬದಲಿಸುತ್ತವೆ ಅನ್ನುವುದನ್ನು ಕನ್ನಡದಲ್ಲಿ ಓದಬೇಕು ಅಂತ ನನಗೂ ತುಂಬಾ ಆಸೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ವಿಜ್ಞಾನದ ಮಹಿಮೆ ಓದುಗರಿಗೆ ಗೊತ್ತೇ ಇದೆ. ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಅಲ್ಯೂಮಿನಿಯಂ ತಂತಿಗಳ ಸಾಲು ಬಂದಾಗ.

ದೊಡ್ಡ ತಪ್ಪಿರುವುದೂ ಅಲ್ಲೇ. ‘ಬೇಲಿಯ ಸಂದಿಯಲ್ಲಿ ಹಗ್ಗ ಕುಲುಕಿದಂತೆ, ತಂತಿಯ ಉದ್ದಕ್ಕೆ ಕಂಪಿಸುವ ಬೆಳಕು ಪಾರಾಗುತ್ತದೆ’ ಎಂದು ಬರೆದಿದ್ದೀರಿ. ನಡೆಯುವುದು ತದ್ವಿರುದ್ಧ. ಬೆಳಕಿನ ವಿದ್ಯುತ್ ಕ್ಷೇತ್ರ ತಂತಿಯ ಉದ್ದಕ್ಕೆ ಕಂಪಿಸಿದರೆ ಲೋಹದ ಎಲೆಕ್ಟ್ರಾನುಗಳು ಸಲೀಸಾಗಿ ಹಿಂದೆ ಮುಂದೆ ಓಡುತ್ತವೆ. ಆ ಓಟವೇ ಬೆಳಕನ್ನು ಬಂದ ದಾರಿಗೆ ವಾಪಸ್ ಕಳಿಸುತ್ತದೆ. ಅಡ್ಡಕ್ಕೆ ಕಂಪಿಸಿದರೆ ಎಲೆಕ್ಟ್ರಾನುಗಳಿಗೆ ಓಡಲು ಜಾಗವೇ ಇಲ್ಲ, ಬೆಳಕು ದಾಟಿಹೋಗುತ್ತದೆ. ತಂತಿಗಳ ಅಂತರ ಬೆಳಕಿನ ಅಲೆಯುದ್ದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಹಸಿರು ಬೆಳಕಿನ ಅಲೆಯುದ್ದ ಸುಮಾರು 530 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು). ನ್ಯಾನೊ ಯಾಕೆ ಬೇಕು ಅನ್ನುವುದಕ್ಕೆ ಕಾರಣ ಇದು. ಲೇಖನದಲ್ಲಿ ಇದು ಎಲ್ಲೂ ಬಂದಿಲ್ಲ.

ಇನ್ನೊಂದು ವಿಷಯ. ತಂತಿಸಾಲು ಬೆಳಕನ್ನು ಸೋಸುತ್ತದೆ ಅಷ್ಟೆ, ಅಲ್ವಾ? ನಿಮ್ಮ ತಲೆಬರಹ ತಿರುಗಿಸುವ ಮಾತಾಡುತ್ತದೆ. ಅದಕ್ಕೆ ಚಿನ್ನದ ಪುಟ್ಟ ಕಡ್ಡಿಗಳನ್ನು ತನ್ನಿ. ಬೇರೆ ಬೇರೆ ಉದ್ದದ ಎರಡು ಕಡ್ಡಿಗಳನ್ನು ಒಂದಕ್ಕೊಂದು ಅಡ್ಡ ಇಟ್ಟಿದ್ದಾರೆ ಅನ್ನಿ. ಬೆಳಕು ಎರಡಕ್ಕೂ 45 ಡಿಗ್ರಿ ಓರೆಯಾಗಿ ಕಂಪಿಸುತ್ತಾ ಬರುತ್ತದೆ. ಉದ್ದ ಕಡ್ಡಿಯಲ್ಲಿ ಎಲೆಕ್ಟ್ರಾನುಗಳ ತೂಗಾಟ ಹಿಂದೆ ಬೀಳುತ್ತದೆ, ಗಿಡ್ಡ ಕಡ್ಡಿಯಲ್ಲಿ ಅಷ್ಟು ಬೀಳುವುದಿಲ್ಲ. ಎರಡು ತೂಗಾಟಗಳ ಬಲ ಸಮನಾಗಿದ್ದು ಅವುಗಳ ನಡುವಿನ ವ್ಯತ್ಯಾಸ ಕಾಲು ಆವರ್ತದಷ್ಟಾದರೆ, ಒಂದೇ ಗೆರೆಯಲ್ಲಿ ಕಂಪಿಸುತ್ತಿದ್ದ ಬೆಳಕು ಕಂಪನದ ದಿಕ್ಕನ್ನು ಸುತ್ತಿಸುತ್ತಾ ಹೊರಬರುತ್ತದೆ. ಲೇಖನದ ಜೀವಾಳ ಇದು. ಇದಕ್ಕೆ ಒಂದು ಪುಟ ಕೊಟ್ಟರೂ ಜಾಸ್ತಿಯಲ್ಲ.

ಲೈಕರ್ಗಸ್ ಬಟ್ಟಲನ್ನು ಬಿಟ್ಟುಬಿಡಿ. ಆ ರೋಮನ್ ಗಾಜಿನಲ್ಲಿ ಚಿನ್ನ, ಬೆಳ್ಳಿಯ ಕಣಗಳಿರುವುದು ನಿಜ. ಆದರೆ ಅಲ್ಲಿ ಬೆರಗು ಹುಟ್ಟಿಸುವುದು ಬಣ್ಣ, ಧ್ರುವೀಕರಣವಲ್ಲ.

ಅದರ ಬದಲು ಜರ್ಮನಿಯ ಕಾರ್ಲ್ಸ್‌ರೂಹೆ ಊರಿನ ಕಥೆ ಹೇಳಿ. 1888ರಲ್ಲಿ ಭೌತವಿಜ್ಞಾನಿ ಹರ್ಟ್ಸ್ ಅಲ್ಲಿ ತಂತಿಸಾಲಿನಿಂದ ರೇಡಿಯೊ ಅಲೆಗಳ ಧ್ರುವೀಕರಣವನ್ನು ತೋರಿಸಿದರು. 2009ರಲ್ಲಿ ಅದೇ ಊರಿನ ವಿಜ್ಞಾನಿಗಳು ಚಿನ್ನದ ಸುರುಳಿಗಳ ಕಾಡನ್ನೇ ಕಟ್ಟಿದರು. ಸುರುಳಿ ಸುತ್ತಿದ ಕಡೆಗೇ ಸುತ್ತುವ ಬೆಳಕನ್ನು ಅದು ತಡೆಯುತ್ತದೆ, ಎದುರು ಸುತ್ತಿನದ್ದನ್ನು ಬಿಡುತ್ತದೆ. ನೀವು ಬರೆದಂತೆ ಕಣ್ಣಿಗೆ ಕಾಣುವ ಬೆಳಕಿನಲ್ಲಲ್ಲ, ಇನ್‌ಫ್ರಾರೆಡ್‌ನಲ್ಲಿ, ಇದನ್ನು ತಿದ್ದಿ. ನಡುವೆ ನಮ್ಮ ಜಗದೀಶಚಂದ್ರ ಬೋಸರೂ ಬರಲಿ. ಹುರಿ ಮಾಡಿದ ಸೆಣಬಿನ ಕಟ್ಟುಗಳಿಂದ ಮೈಕ್ರೋವೇವ್‌ಗಳ ಧ್ರುವೀಕರಣವನ್ನು ತಿರುಗಿಸಿದ್ದನ್ನು ಅವರು 1898ರಲ್ಲೇ ಪ್ರಕಟಿಸಿದ್ದರು.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಜೊತೆಗೆ ಒಂದು ಚಿತ್ರ ಇರಲಿ. ತಂತಿ ಯಾವ ಕಡೆ, ಕಂಪನ ಯಾವ ಕಡೆ ಅಂತ ಬಾಣ ಹಾಕಿ ತೋರಿಸಿ.