ಪಾತ್ರೆಯ ಜೊತೆ ಗೀತ್ರೆಯೂ ಇರಲಿ

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಕಳೆದ ಸಂಚಿಕೆಯ ಮೇಲೆ ಕೆಂಪು ಶಾಯಿಯಲ್ಲಿ 23 ಗೆರೆ ಎಳೆದು ಕಳಿಸಿದ್ದಾರೆ. ಜೊತೆಗೆ ನಾಲ್ಕು ಪುಟದ ಪತ್ರ. ಬೇಡದ ಮಾತು ಸೇರಿ ಸೇರಿ ಕನ್ನಡ ಊದಿಕೊಂಡಿದೆ, ಒಂದೇ ಅರ್ಥದ ಎರಡು ಪದ ಒಟ್ಟಿಗೆ ಬಂದರೆ ಒಂದನ್ನು ಹೊಡೆದುಹಾಕಿ, ಅದನ್ನೇ ನಿಯಮ ಮಾಡಿ ಎಂದು ಒತ್ತಾಯಿಸಿದ್ದಾರೆ. ಮೊಮ್ಮಗಳ ಪ್ರಬಂಧಕ್ಕೂ ಹೀಗೇ ಗೆರೆ ಎಳೆದರಂತೆ. ಅವಳು ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಯಾರು ಸರಿ, ನೀವೇ ಹೇಳಿ ಎಂದು ಕೇಳಿದ್ದಾರೆ.

ನಮಸ್ಕಾರ ಮೇಷ್ಟ್ರೇ,

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. 23 ಗೆರೆಗಳಲ್ಲಿ 19ಕ್ಕೆ ನನ್ನ ಹತ್ತಿರ ಉತ್ತರವಿಲ್ಲ. 'ಸುಮಾರು ಹತ್ತು ಹನ್ನೆರಡು ಜನರಷ್ಟು' ಎಂದು ಅಚ್ಚಾಗಿದೆ. ಹತ್ತು ಹನ್ನೆರಡು ಅಂದಾಗಲೇ ಅಂದಾಜು ಬಂತು. ಮುಂದೆ 'ಸುಮಾರು' ಯಾಕೆ, ಹಿಂದೆ 'ಅಷ್ಟು' ಯಾಕೆ? 'ಕೇವಲ ಮೂವರು ಮಾತ್ರ' ಎಂದಿದೆ. ಎರಡರಲ್ಲಿ ಒಂದು ಸಾಕಿತ್ತು. 'ಅವರೂ ಸಹ ಕೂಡ' ಅನ್ನೋದಂತೂ ನನ್ನ ಕಣ್ಣೆದುರೇ ದಾಟಿ ಹೋಗಿದೆ. ಆ ಪುಟದ ಕರಡು ತಿದ್ದಿದ್ದು ನಾನೇ. ಓದಿ ನಾಚಿಕೆಯಾಯಿತು.

'ಸಕುಟುಂಬ ಸಮೇತರಾಗಿ' ಎನ್ನುವುದರ ಬಗ್ಗೆ ನೀವು ಸಿಟ್ಟಿನಿಂದಲೇ ಬರೆದಿದ್ದೀರಿ. ಮದುವೆ ಕಾಗದಗಳಲ್ಲಿ ಅದು ಬೇರೂರಿ ಎಷ್ಟು ಕಾಲವಾಯಿತೋ. 'ಸ' ಅಂದರೂ ಜೊತೆ, 'ಸಮೇತ' ಅಂದರೂ ಜೊತೆ. 'ಸವಿನಯಪೂರ್ವಕ'ದ ಕಥೆಯೂ ಇದೇ. ಪತ್ರಿಕೆಗಳ 'ಆಮರಣಾಂತ ಉಪವಾಸ' ನೋಡಿ. ಆಮರಣ ಎಂದರೇ ಸಾಯುವ ತನಕ. ಮತ್ತೆ ಅದಕ್ಕೊಂದು 'ಅಂತ'. ಇದು ಯಾಕೆ ಹೀಗಾಗುತ್ತದೆ ಎಂದು ನಾನು ತುಂಬಾ ಸಲ ಯೋಚಿಸಿದ್ದೇನೆ. ಸಂಸ್ಕೃತದ ಪದ ನಮ್ಮ ಬಾಯಿಗೆ ಇಡಿಯಾಗಿ ಬರುತ್ತದೆ. ಒಳಗಿನ ಆ ಪುಟ್ಟ 'ಸ', ಪುಟ್ಟ 'ಆ' ಕಿವಿಗೆ ಬೀಳುವುದೇ ಇಲ್ಲ. ಅರ್ಥ ಎಲ್ಲೋ ಕಮ್ಮಿಯಾಯಿತು ಅನಿಸಿ ಇನ್ನೊಂದು ಪದ ಅಂಟಿಸುತ್ತೇವೆ. 'ಮನೆಮಂದಿಯೆಲ್ಲ ಬನ್ನಿ' ಎಂದು ಬರೆಯುವವರು ಈ ತಪ್ಪು ಮಾಡಲಾರರು. ಅಲ್ಲಿ ಪ್ರತಿ ಪದವೂ ನಮಗೆ ಗೊತ್ತಿರುವ ಪದ.

ಉಳಿದ ನಾಲ್ಕು ಗೆರೆಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಗೇಟುಬಾಗಿಲು, ಕಾಗದಪತ್ರ, ಮುಳ್ಳಯ್ಯನಗಿರಿ ಬೆಟ್ಟ, ಪಿನ್ ನಂಬರ್.

ಗಿರಿ ಅಂದರೆ ಬೆಟ್ಟವೇ, ನಿಜ. ಆದರೆ ಅಲ್ಲಿ 'ಗಿರಿ' ಹೆಸರಿನೊಳಗೆ ಸೇರಿಹೋಗಿದೆ. ಆ ಕಡೆಗೆ ಹೋಗದವರಿಗೆ 'ಬೆಟ್ಟ' ಎಂದರೆ ಅನುಕೂಲ. ಕಾಗದಪತ್ರದಲ್ಲಿ ಕಾಗದ ಪಾರಸಿಯಿಂದ ಬಂದದ್ದು, ಪತ್ರ ಸಂಸ್ಕೃತದ್ದು. ಎರಡೂ ಸೇರಿದಾಗ ಹೊಸ ಅರ್ಥವೇ ಹುಟ್ಟಿತು. 'ಜಮೀನಿನ ಕಾಗದ' ಅಂದರೆ ಒಂದು ಹಾಳೆ ಇರಬಹುದು. 'ಜಮೀನಿನ ಕಾಗದಪತ್ರ' ಅಂದರೆ ಪಹಣಿ, ಕ್ರಯಪತ್ರ, ಕಂದಾಯದ ರಸೀದಿ ಎಲ್ಲ ಇರುವ ಆ ಹಳೇ ಚೀಲ. ಇಂಗ್ಲಿಷಿನ ಗೇಟು ನಮ್ಮ ಬಾಗಿಲ ಕೈ ಹಿಡಿದು ಊರೊಳಗೆ ಬಂದದ್ದೂ ಹೀಗೇ.

ಪಿನ್ ನಂಬರ್ ವಿಚಾರಕ್ಕೆ ನನ್ನ ಅಮ್ಮನನ್ನೇ ಸಾಕ್ಷಿಗೆ ಕರೆಯುತ್ತೇನೆ. 'ಪಿನ್' ಎಂದರೆ ಪರ್ಸನಲ್ ಐಡೆಂಟಿಫಿಕೇಶನ್ ನಂಬರ್, ಅದರ ಕೊನೆಯ ಅಕ್ಷರವೇ ನಂಬರು, ಆದ್ದರಿಂದ ಮತ್ತೆ ನಂಬರ್ ಬೇಡ ಎಂದಿದ್ದೀರಿ. ಲೆಕ್ಕ ಸರಿ. ಅಮ್ಮನಿಗೆ ಮೊದಲ ಸಲ ಎಟಿಎಂ ಕಾರ್ಡ್ ಬಂದಾಗ ನಾನೇ ಕರೆದುಕೊಂಡು ಹೋಗಿದ್ದೆ. 'ಪಿನ್ ಹಾಕಮ್ಮ' ಅಂದೆ. ಅವರ ಕೈ ಸೀದಾ ಭುಜಕ್ಕೆ ಹೋಯಿತು. ಸೆರಗಿನ ಪಿನ್ ಬಿಚ್ಚಿಕೊಂಡಿದೆಯೇನೋ ಎಂದು ಮುಟ್ಟಿ ನೋಡಿಕೊಂಡರು. 'ಪಿನ್ ನಂಬರ್ ಅಮ್ಮಾ' ಅಂದ ಮೇಲೆ ಒಂದೊಂದೇ ಅಂಕಿ ಒತ್ತಿದರು. ನೀವು ಬೇಡ ಎಂದ ಪದವೇ ಅವತ್ತು ಅಮ್ಮನಿಗೆ ದಾರಿ ತೋರಿಸಿದ್ದು. ಅಂಚೆಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಶುರುವಾಯಿತು. ಪೋಸ್ಟಲ್ ಇಂಡೆಕ್ಸ್ ನಂಬರ್ ಎಂಬ ಅದರ ಹೆಸರಿನಲ್ಲೂ ನಂಬರು ಒಳಗೇ ಕೂತಿದೆ. ಆದರೂ ಜನ 'ಕೋಡ್' ಬಿಟ್ಟಿಲ್ಲ. ಬಿಡಬೇಕು ಅಂತಲೂ ನನಗೆ ಅನಿಸುವುದಿಲ್ಲ.

ಈಗ ನೀವು ಗೆರೆ ಎಳೆಯದ ಒಂದು ವಾಕ್ಯಕ್ಕೆ ಬರುತ್ತೇನೆ. 41ನೇ ಪುಟದಲ್ಲಿದೆ. 'ಬಸ್ ನಿಲ್ದಾಣದ ಮುಂಭಾಗದಲ್ಲಿರುವಂತಹ ಶುದ್ಧ ಕುಡಿಯುವ ನೀರಿನ ಘಟಕವು ಕಳೆದ ಮೂರು ತಿಂಗಳುಗಳ ಕಾಲಾವಧಿಯಿಂದ ಕೆಟ್ಟು ನಿಂತಿದ್ದು, ಇದುವರೆಗೂ ಅದನ್ನು ದುರಸ್ತಿಪಡಿಸುವ ಕಾರ್ಯವನ್ನು ಕೈಗೊಳ್ಳಲಾಗಿರುವುದಿಲ್ಲ.' ಇದರಲ್ಲಿ ಒಂದೇ ಅರ್ಥದ ಎರಡು ಪದ ಅಕ್ಕಪಕ್ಕ ಕೂತಿಲ್ಲ. ಅದಕ್ಕೇ ನಿಮ್ಮ ಪೆನ್ನಿಗೆ ಸಿಗಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಕೂತು ತಿದ್ದಿದೆ. 'ಬಸ್ ನಿಲ್ದಾಣದ ಎದುರಿನ ನೀರಿನ ಘಟಕ ಕೆಟ್ಟು ಮೂರು ತಿಂಗಳಾಯಿತು. ಯಾರೂ ರಿಪೇರಿ ಮಾಡಿಲ್ಲ.' 18 ಪದ 11ಕ್ಕೆ ಇಳಿಯಿತು. ಇಳಿದ ಕೂಡಲೇ ಒಂದು ತೂತು ಕಾಣಿಸಿತು. 'ಯಾರೂ' ಅಂದರೆ ಯಾರು? ಯಾರು ಮಾಡಬೇಕಿತ್ತು? ಪಂಚಾಯಿತಿಯೋ, ಗುತ್ತಿಗೆ ಹಿಡಿದವರೋ? ಬರೆದ ಹುಡುಗನಿಗೆ ಫೋನ್ ಮಾಡಿದೆ. ಅವನಿಗೂ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ. 'ಕೈಗೊಳ್ಳಲಾಗಿರುವುದಿಲ್ಲ' ಎನ್ನುವ ಉದ್ದ ಪದದ ಹಿಂದೆ ಆ ಪ್ರಶ್ನೆ ಅಡಗಿ ಕೂತಿತ್ತು. ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಈ ಬಗೆಯ ಊತ. ಟಿವಿ ಹಾಕಿ ಐದು ನಿಮಿಷ ಕೇಳಿ. 'ಪೊಲೀಸರು ಸ್ಥಳಕ್ಕೆ ಬಂದು ಪರಿಶೀಲನೆ ಮಾಡುವಂಥ ಕೆಲಸವನ್ನ ಮಾಡ್ತಾ ಇರುವಂಥದ್ದು.' ಪೊಲೀಸರು ನೋಡುತ್ತಿದ್ದಾರೆ, ಅಷ್ಟೇ ತಾನೇ? ಆ ವರದಿಗಾರರ ಮೇಲೆ ನನಗೆ ಸಿಟ್ಟಿಲ್ಲ. ಕ್ಯಾಮೆರಾ ಎದುರು ಮುಂದಿನ ಮಾತು ಸಿಗುವ ತನಕ ಬಾಯಿ ಏನನ್ನಾದರೂ ಹಿಡಿದುಕೊಳ್ಳುತ್ತದೆ. ಆದರೆ ಮೇಜಿನ ಮುಂದೆ ಕೂತು, ಸಮಯ ಇಟ್ಟುಕೊಂಡು ಬರೆಯುವವರಿಗೆ ಆ ನೆಪ ಇಲ್ಲ.

ನನ್ನ ಅಪ್ಪನಿಗೆ ಒಮ್ಮೆ ಒಂದು ಕಚೇರಿಯಿಂದ ಹಿಂಬರಹ ಬಂತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ತಾವು ಕೋರಿರುವಂತೆ ಕ್ರಮ ಕೈಗೊಳ್ಳಲು ನಿಯಮಾನುಸಾರ ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ.' ಅಪ್ಪ ಏಳನೇ ಕ್ಲಾಸು ಓದಿದವರು, ದಿನಾ ಪೇಪರ್ ಓದುವವರು. ಜಗಲಿಯಲ್ಲಿ ಕೂತು ಮೂರು ಸಲ ಓದಿದರು. ಕನ್ನಡಕ ಒರೆಸಿಕೊಂಡು ನನ್ನ ಕೈಗೆ ಕೊಟ್ಟು, 'ಆಗುತ್ತೋ ಇಲ್ವೋ, ಅಷ್ಟು ಹೇಳು' ಅಂದರು. ಅವರದೇ ಭಾಷೆಯಲ್ಲಿ, ಅವರಿಗೇ ಬರೆದ ಕಾಗದ ಅದು. ಆಗಲ್ಲ ಅಂದವರು ಯಾರು, ಯಾವ ನಿಯಮದ ಪ್ರಕಾರ ಆಗಲ್ಲ, ಇನ್ನು ಎಲ್ಲಿಗೆ ಹೋಗಬೇಕು, ಒಂದೂ ಅದರಲ್ಲಿ ಇರಲಿಲ್ಲ. ಇಂಥ ವಾಕ್ಯ ನಮ್ಮ ಪುಟದಲ್ಲಿ ಬಂದರೆ ನನಗೆ ಅಪ್ಪನ ಆ ಮುಖವೇ ನೆನಪಾಗುತ್ತದೆ. ನೀವು ಕೇಳಿದ ನಿಯಮ ಬೇಕೇ ಬೇಕು ಅಂದರೆ ಇದನ್ನು ಮಾಡಿಕೊಳ್ಳುತ್ತೇನೆ. ಮುಂದಿನ ಸಂಚಿಕೆಯಿಂದ 'ಲಾಗಿದೆ', 'ಲಾಗುವುದು' ಎಂದು ಮುಗಿಯುವ ಪ್ರತಿ ವಾಕ್ಯವನ್ನೂ ನಿಲ್ಲಿಸಿ, 'ಮಾಡಿದವರು ಯಾರು' ಎಂದು ಬರೆದವರನ್ನು ಕೇಳುತ್ತೇವೆ.

ಇನ್ನು ಮೊಮ್ಮಗಳ ಪ್ರಬಂಧ. ಅವಳು ಬರೆದದ್ದು ಇಷ್ಟು: 'ನಟ್ಟನಡುರಾತ್ರಿ ಮಳೆ ಜೋರುಜೋರಾಗಿ ಬಂತು. ಅಜ್ಜಿ ಸೋರುವ ಕಡೆಯೆಲ್ಲ ಪಾತ್ರೆಗೀತ್ರೆ ಇಟ್ಟರು.' ನೀವು 'ನಟ್ಟ' ಹೊಡೆದಿದ್ದೀರಿ, ಒಂದು 'ಜೋರು' ಹೊಡೆದಿದ್ದೀರಿ, 'ಗೀತ್ರೆ'ಯನ್ನೂ ಹೊಡೆದಿದ್ದೀರಿ.

ಮೇಷ್ಟ್ರೇ, ನಡುವೆ ನಡುವೆ ಎಂಬುದೇ ನಟ್ಟನಡುವೆ ಆಗುತ್ತದೆ ಎಂದು ದ್ವಿರುಕ್ತಿಯ ಪಾಠದಲ್ಲಿ ನೀವೇ ಎಷ್ಟು ವರ್ಷ ಹೇಳಿಕೊಟ್ಟಿರಬೇಕು! ಕಟ್ಟಕಡೆ, ತುತ್ತತುದಿ, ಬಟ್ಟಬಯಲು ಎಲ್ಲ ಆ ಮನೆಯವೇ. ಹೇಳಿದ್ದನ್ನೇ ಹೇಳುವುದನ್ನು ಸಂಸ್ಕೃತದ ಹಳೆಯ ಕಾವ್ಯಶಾಸ್ತ್ರಕಾರ ದಂಡಿ ಕಾವ್ಯದ ದೋಷ ಎಂದು ಎಣಿಸಿದರು. ಆದರೆ ಮರುಕದಂಥ ಭಾವ ಉಕ್ಕಿ ಬಂದಾಗ ಅದು ದೋಷವಲ್ಲ, ಅಲಂಕಾರವೇ ಎಂದೂ ಅವರೇ ಹೇಳಿದರು. ಮಳೆಗೆ ಹೆದರಿ ಎದ್ದು ಕೂತ ಹುಡುಗಿಗೆ ಒಂದು 'ಜೋರು' ಹೇಗೆ ಸಾಕಾದೀತು?

'ಗೀತ್ರೆ'ಗೆ ನಿಘಂಟಿನಲ್ಲಿ ಅರ್ಥ ಇಲ್ಲ, ಒಪ್ಪಿದೆ. 'ಕಾಫಿಗೀಫಿ ಕುಡೀತೀರಾ?' ಎಂದು ಕೇಳುವಾಗ ಕಾಫಿ ಬೇಡದವರಿಗೆ ಟೀ, ಮಜ್ಜಿಗೆ ಏನಾದರೂ ಕೊಡುತ್ತೇವೆ ಎಂಬುದು ಆ 'ಗೀಫಿ'ಯಲ್ಲಿ ಇರುತ್ತದೆ. ಹಾಗೆಯೇ ಇಲ್ಲಿ. ಅಜ್ಜಿ ಪಾತ್ರೆ ಇಟ್ಟರು. ಪಾತ್ರೆ ಮುಗಿದ ಮೇಲೆ ಬಕೆಟ್ಟು, ಚೊಂಬು, ಹಳೇ ಡಬ್ಬ, ಕತ್ತಲಲ್ಲಿ ಕೈಗೆ ಸಿಕ್ಕಿದ್ದೆಲ್ಲ ಇಟ್ಟರು. ಅವಳು ಅಷ್ಟನ್ನೂ ಎರಡಕ್ಷರದಲ್ಲಿ ಹೇಳಿಬಿಟ್ಟಿದ್ದಾಳೆ. ಅದನ್ನು ತೆಗೆದರೆ ಮನೆ ಎಷ್ಟು ಕಡೆ ಸೋರುತ್ತಿತ್ತು ಅನ್ನೋದೇ ಹೊರಟುಹೋಗುತ್ತದೆ.

ಆ ಮೂರು ಗೆರೆ ಅಳಿಸಿ, ಪುಸ್ತಕ ಅವಳಿಗೆ ಕೊಡಿ. ಪ್ರಬಂಧ ಪೂರ್ತಿ ಓದುವ ಆಸೆ ನನಗಿದೆ. ಅವಳು ಒಪ್ಪಿದರೆ ಒಂದು ಪ್ರತಿ ಕಳಿಸಿ, ಮಕ್ಕಳ ಪುಟದಲ್ಲಿ ಹಾಕುತ್ತೇವೆ. ಒಂದಕ್ಷರವನ್ನೂ ಮುಟ್ಟುವುದಿಲ್ಲ.

ನಿಮ್ಮ,
ಸಂಪಾದಕ